ಟಿಕೆಟ್ಟಿನಲ್ಲಿ ಇಲ್ಲದ ತಾಸುಗಳು: ಸಿಂಧನೂರು, ಮಸ್ಕಿ, ಲಿಂಗಸುಗೂರಿನವರಿಗೆ ವಿಮಾನ ಪ್ರಯಾಣದ ಲೆಕ್ಕ

ಸಿಂಧನೂರಿನಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ತಾಸು? ಮೊಬೈಲಿನಲ್ಲಿ ಹುಡುಕಿದರೆ ಎರಡು ಬಗೆಯ ಉತ್ತರ ಬರುತ್ತವೆ. ಒಂದು, ಊರಿನಿಂದ ಊರಿಗೆ ನೇರ ಗೆರೆ ಎಳೆದು ಕೊಟ್ಟ ದೂರ: ಸುಮಾರು 1,420 ಕಿ.ಮೀ. ಸಿಂಧನೂರಿನಲ್ಲಿ ವಿಮಾನ ನಿಲ್ದಾಣವೇ ಇಲ್ಲವಾದ್ದರಿಂದ ಈ ಅಂಕಿಯಿಂದ ಯಾರಿಗೂ ಉಪಯೋಗವಿಲ್ಲ. ಇನ್ನೊಂದು, ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಹೊರಡುವ ವಿಮಾನದ ಎರಡೂಕಾಲು ಅಥವಾ ಎರಡೂಮುಕ್ಕಾಲು ತಾಸು. ಇದು ನಿಜವಾದ ಅಂಕಿ, ಆದರೆ ಪೂರ್ತಿ ಪ್ರಯಾಣದಲ್ಲಿ ಇದರ ಪಾಲು ಕಾಲು ಭಾಗಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ನೆಲದ ಮೇಲೆ, ಕೌಂಟರಿನ ಸಾಲಿನಲ್ಲಿ, ಕಾಯುವ ಕುರ್ಚಿಯಲ್ಲಿ ಕಳೆಯುತ್ತದೆ. ಮಗಳನ್ನು ವಿದೇಶದ ಓದಿಗೆ ಕಳಿಸುವವರು, ದುಬೈಗೆ ಕೆಲಸಕ್ಕೆ ಹೋಗುವವರು, ದೆಹಲಿಯಲ್ಲಿ ಪರೀಕ್ಷೆ ಅಥವಾ ಸಂದರ್ಶನಕ್ಕೆ ಹೊರಟವರು ಈ ಮೂರೂ ತಾಲ್ಲೂಕುಗಳಲ್ಲಿ ಈಗ ಸಾಕಷ್ಟು ಮಂದಿ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು: ಲೆಕ್ಕವನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ಹಾಕಬೇಡಿ, ಮನೆಯ ಬಾಗಿಲಿನಿಂದ ಮುಟ್ಟಬೇಕಾದ ಬಾಗಿಲಿಗೆ ಹಾಕಿ. ಹಾಗೆ ಹಾಕಿದರೆ, ‘ವಿಮಾನ ಎಂದರೆ ಬೆಂಗಳೂರು’ ಎಂಬ ನಮ್ಮ ಭಾಗದ ಅಭ್ಯಾಸ ಬಹಳಷ್ಟು ಪ್ರಯಾಣಗಳಲ್ಲಿ ನಷ್ಟದ್ದು ಎಂದು ಕಾಣುತ್ತದೆ.

ಮೊದಲು ಆಕಾಶದ ಲೆಕ್ಕ ಮುಗಿಸೋಣ, ಅದೇ ಸುಲಭ. ಎರಡು ನಿಲ್ದಾಣಗಳ ನಡುವಿನ ದೂರ ಎಂದು ಕೊಡುವ ಅಂಕಿ ಭೂಮಿಯ ಉಬ್ಬಿನ ಮೇಲೆ ಅಳೆದ ಅತಿ ಚಿಕ್ಕ ದಾರಿಯದು. ಭೂಮಿ ಗುಂಡಾಗಿರುವುದರಿಂದ ಗೋಡೆಯ ನಕ್ಷೆಯ ಮೇಲೆ ಸ್ಕೇಲು ಇಟ್ಟು ಎಳೆದ ಗೆರೆ ಈ ದಾರಿಯಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಇರುವ ಅತಿ ಚಿಕ್ಕ ದಾರಿ ಸುಮಾರು 14,000 ಕಿ.ಮೀ.; ಅದು ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಬಹುಮಟ್ಟಿಗೆ ಉತ್ತರಕ್ಕೆ ಹತ್ತಿ ಧ್ರುವ ಪ್ರದೇಶದ ಮೇಲೆ ಹಾದು ಆ ಕಡೆಗೆ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ವಿಮಾನ ಆರಂಭಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿನಿಂದಲೇ ಹಾರಿಸಿ ತಂದದ್ದು ಅದೇ ಕಾರಣಕ್ಕೆ. ದೂರ ಗೊತ್ತಾದರೆ ಸಮಯಕ್ಕೆ ಒಂದು ಸರಳ ಸೂತ್ರವಿದೆ. ಕಿ.ಮೀ. ಅಂಕಿಯನ್ನು 800ರಿಂದ ಭಾಗಿಸಿ, ಬಂದದ್ದಕ್ಕೆ ಅರ್ಧ ತಾಸು ಕೂಡಿಸಿ. ಜೆಟ್ ವಿಮಾನದ ಓಟ ತಾಸಿಗೆ 800ರಿಂದ 900 ಕಿ.ಮೀ.; ರನ್‌ವೇವರೆಗೆ ಉರುಳಿ, ಏರಿ, ಇಳಿದು ಗೇಟಿಗೆ ಬಂದು ನಿಲ್ಲುವುದಕ್ಕೆ ಆ ಅರ್ಧ ತಾಸು. ಹೈದರಾಬಾದ್–ದೆಹಲಿ 1,265 ಕಿ.ಮೀ., ಸೂತ್ರದ ಪ್ರಕಾರ ಎರಡು ತಾಸು ಐದು ನಿಮಿಷ. ಬೆಂಗಳೂರು–ದೆಹಲಿ 1,710 ಕಿ.ಮೀ., ಎರಡು ತಾಸು ನಲವತ್ತು ನಿಮಿಷ. ಹೈದರಾಬಾದ್–ದುಬೈ 2,550 ಕಿ.ಮೀ., ಮೂರು ತಾಸು ನಲವತ್ತು ನಿಮಿಷ. ವೇಳಾಪಟ್ಟಿಯಲ್ಲಿ ಇದಕ್ಕಿಂತ ಹತ್ತು ಹದಿನೈದು ನಿಮಿಷ ಹೆಚ್ಚು ಬರೆದಿರುತ್ತಾರೆ, ಅದರಾಚೆ ಫರಕು ಬೀಳುವುದು ಕಡಿಮೆ. ಹತ್ತು ತಾಸು ಮೀರಿದ ಹಾರಾಟಕ್ಕೆ 800ರ ಬದಲು 850ರಿಂದ ಭಾಗಿಸಿದರೆ ಉತ್ತರ ಇನ್ನೂ ಹತ್ತಿರ ಬರುತ್ತದೆ. ನಮ್ಮ ಸಮೀಪದ ಚಿಕ್ಕ ನಿಲ್ದಾಣಗಳಿಗೆ ಬರುವ ಪ್ರೊಪೆಲ್ಲರಿನ ಎಟಿಆರ್ ವಿಮಾನಗಳಿಗೆ ಮಾತ್ರ ಈ ಸೂತ್ರ ಹೊಂದುವುದಿಲ್ಲ. ಅವುಗಳ ವೇಗ ತಾಸಿಗೆ ಸುಮಾರು 500 ಕಿ.ಮೀ.

ಅದೇ ದಾರಿಯಲ್ಲಿ ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು ಸಮಯ ಯಾಕೆ ಎಂಬ ಪ್ರಶ್ನೆಗೆ ಉತ್ತರ ಗಾಳಿ. ಹತ್ತು ಕಿ.ಮೀ. ಎತ್ತರದಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಉತ್ತರ ಭಾರತ ಮತ್ತು ಅದರಾಚೆಯ ಪ್ರದೇಶಗಳ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಪ್ರವಾಹ ಹರಿಯುತ್ತಿರುತ್ತದೆ. ಲಂಡನ್ನಿಗೆ ಹೋಗುವ ವಿಮಾನ ಅದನ್ನು ಎದುರಿಸಬೇಕು, ಬರುವ ವಿಮಾನಕ್ಕೆ ಅದು ಬೆನ್ನಿಗೆ ಸಿಗುತ್ತದೆ. ಸುಮಾರು 8,000 ಕಿ.ಮೀ. ದಾರಿಯಲ್ಲಿ ಒಂದು ತಾಸಿನ ಫರಕು ಸಾಮಾನ್ಯ. ಎರಡನೆಯ ಕಾರಣ ರಾಜಕೀಯದ್ದು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಆಗ ಯುರೋಪ್ ಮತ್ತು ಅಮೆರಿಕಕ್ಕೆ ಹೊರಟ ನಮ್ಮ ಕಂಪನಿಗಳ ವಿಮಾನಗಳು ಅರಬ್ಬಿ ಸಮುದ್ರದ ಕಡೆಯಿಂದ ಸುತ್ತಿ ಹೋಗಬೇಕಾಯಿತು. ಇಂಥ ಸುತ್ತು ದೂರದ ಅಂಕಿಯಲ್ಲಿ ಎಲ್ಲೂ ಕಾಣುವುದಿಲ್ಲ. ಆದ್ದರಿಂದ ದೂರದ ದೇಶದ ಪ್ರಯಾಣಕ್ಕೆ ಸೂತ್ರದ ಲೆಕ್ಕವನ್ನು ಅಂದಾಜಿಗಷ್ಟೇ ಇಟ್ಟುಕೊಂಡು, ಟಿಕೆಟ್ ಮೇಲೆ ‘ಒಟ್ಟು ಅವಧಿ’ ಎಂದು ಬರೆದದ್ದನ್ನೇ ಓದಬೇಕು.

ಟಿಕೆಟ್ ಓದುವಾಗ ಮನೆಯವರು ಗೊಂದಲ ಮಾಡಿಕೊಳ್ಳುವ ಜಾಗವೊಂದಿದೆ. ಹೊರಡುವ ಸಮಯ ಹೊರಡುವ ಊರಿನದು, ಮುಟ್ಟುವ ಸಮಯ ಮುಟ್ಟುವ ಊರಿನದು. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಹೈದರಾಬಾದಿನಿಂದ ಬೆಳಿಗ್ಗೆ 10ಕ್ಕೆ ಹೊರಟು 12.15ಕ್ಕೆ ದುಬೈ ಎಂದಿದ್ದರೆ ಹಾರಾಟ ಎರಡೂಕಾಲು ತಾಸಿನದಲ್ಲ, ಮೂರೂಮುಕ್ಕಾಲು ತಾಸಿನದು. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ಒಂದು ತಾಸು ಮುಂದೆ ಸರಿಯುವುದರಿಂದ ಹನ್ನೆರಡೂವರೆ. ಜನವರಿಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು ಹದಿನೇಳು ತಾಸು ಹಾರಿದ ವಿಮಾನ ಅದೇ ತಾರೀಕಿನ ಸಂಜೆ 5.30ಕ್ಕೆ ಇಳಿದಂತೆ ಬರೆದಿರುತ್ತದೆ. ಮಗ ತಲುಪಿದನೋ ಇಲ್ಲವೋ ಎಂದು ಮಸ್ಕಿಯಲ್ಲಿ ಕುಳಿತು ಫೋನು ಕಾಯುವ ತಾಯಿಗೆ ಆಗ ಮರುದಿನ ಬೆಳಗಿನ 7 ತಾಸು. ರಾತ್ರಿ 12ರಿಂದ ನಸುಕಿನವರೆಗೆ ಹೊರಡುವ ವಿಮಾನಗಳಲ್ಲಿ ಇನ್ನೊಂದು ಅಪಾಯ ಇದೆ. 15ನೇ ತಾರೀಕು 00.40 ಎಂದು ಬರೆದಿದ್ದರೆ 14ರ ರಾತ್ರಿಯೇ ನಿಲ್ದಾಣದಲ್ಲಿ ಇರಬೇಕು, ಅಂದರೆ 14ರ ಮಧ್ಯಾಹ್ನವೇ ಸಿಂಧನೂರು ಬಿಡಬೇಕು. 15ರ ರಾತ್ರಿ ಎಂದು ತಿಳಿದು ಟಿಕೆಟ್ ಕಳೆದುಕೊಳ್ಳುವುದು ಸುಲಭವಾಗಿ ಆಗುವಂಥದ್ದು, ದುಡ್ಡು ವಾಪಸು ಬರುವಂಥದ್ದಲ್ಲ.

ಈಗ ನೆಲಕ್ಕೆ ಬರೋಣ. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ಸುಮಾರು ಮೂವತ್ತು ಮೂವತ್ತು ಕಿ.ಮೀ. ಅಂತರದಲ್ಲಿ ಇವೆ. ಈ ರಸ್ತೆ ಉತ್ತರಕ್ಕೆ ತಿಂಥಣಿಯಲ್ಲಿ ಕೃಷ್ಣೆ ದಾಟಿ ಸುರಪುರ, ಶಹಾಪುರ, ಜೇವರ್ಗಿ ಕಡೆಗೆ, ದಕ್ಷಿಣಕ್ಕೆ ಸಿರುಗುಪ್ಪ, ಬಳ್ಳಾರಿ ಕಡೆಗೆ ಹೋಗುತ್ತದೆ. ಸುತ್ತ ಐದು ನಿಲ್ದಾಣಗಳು. ನೇರ ಗೆರೆಯಲ್ಲಿ ಸಿಂಧನೂರಿನಿಂದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣ 70 ಕಿ.ಮೀ. ಒಳಗೆ, ಕಲಬುರಗಿ 170, ಹುಬ್ಬಳ್ಳಿ 185, ಹೈದರಾಬಾದಿನ ಶಂಶಾಬಾದ್ 240, ಬೆಂಗಳೂರಿನ ದೇವನಹಳ್ಳಿ 300. ರಸ್ತೆಯಲ್ಲಿ ಈ ಅಂಕಿಗಳು ಬದಲಾಗುತ್ತವೆ. ವಿದ್ಯಾನಗರಕ್ಕೆ ಬಳ್ಳಾರಿ ಮೇಲಿಂದ ಹೋದರೆ ನೇರ ದೂರದ ಒಂದೂವರೆ ಪಟ್ಟಿಗೂ ಹೆಚ್ಚು, ಸುಮಾರು 115 ಕಿ.ಮೀ. ಹುಬ್ಬಳ್ಳಿಗೆ ಗಂಗಾವತಿ, ಕೊಪ್ಪಳ, ಗದಗ ದಾಟಿ 210ರ ಆಸುಪಾಸು. ಶಂಶಾಬಾದಿಗೆ ಮಾನ್ವಿ, ರಾಯಚೂರು, ಮಹಬೂಬ್‌ನಗರ, ಜಡ್ಚರ್ಲಾ ದಾರಿಯಲ್ಲಿ ಸುಮಾರು 270. ದೇವನಹಳ್ಳಿಗೆ ಬಳ್ಳಾರಿ, ಅನಂತಪುರದ ದಾರಿಯಲ್ಲಿ 365ರಿಂದ 370. ಹತ್ತಿರದ ಎರಡು ನಿಲ್ದಾಣಗಳಲ್ಲಿ ವಿಮಾನ ಕಡಿಮೆ, ದೂರದ ಎರಡರಲ್ಲಿ ವಿಮಾನ ಹೇರಳ. ಹುಬ್ಬಳ್ಳಿ ಇವುಗಳ ನಡುವೆ ಎಲ್ಲೋ ಇದೆ. ಈ ಭಾಗದವರ ಕಷ್ಟ ಇರುವುದೇ ಇಲ್ಲಿ.

ದೆಹಲಿಯನ್ನೇ ತೆಗೆದುಕೊಂಡು ಬಾಗಿಲಿನಿಂದ ಬಾಗಿಲಿಗೆ ಲೆಕ್ಕ ಹಾಕಿ ನೋಡೋಣ. ಹೈದರಾಬಾದ್ ಮೂಲಕ ಹೋದರೆ ಕಾರಿನಲ್ಲಿ ಐದೂವರೆ ತಾಸು, ನಿಲ್ದಾಣದಲ್ಲಿ ಎರಡು, ವಿಮಾನದಲ್ಲಿ ಎರಡೂಕಾಲು, ದೆಹಲಿಯಲ್ಲಿ ಲಗೇಜ್ ತೆಗೆದುಕೊಂಡು ಹೊರಬರಲು ಮುಕ್ಕಾಲು: ಒಟ್ಟು ಹತ್ತೂವರೆ. ಬೆಂಗಳೂರಿನ ಮೂಲಕ ಕಾರಿನಲ್ಲಿ ಏಳು, ಉಳಿದದ್ದು ಅಷ್ಟೇ, ವಿಮಾನ ಎರಡೂಮುಕ್ಕಾಲು: ಒಟ್ಟು ಹನ್ನೆರಡೂವರೆ. ಎರಡು ತಾಸಿನ ಈ ಫರಕಿನಲ್ಲಿ ಆಕಾಶದ ಪಾಲು ಅರ್ಧ ತಾಸು, ರಸ್ತೆಯ ಪಾಲು ಒಂದೂವರೆ. ಬೆಂಗಳೂರು–ದೆಹಲಿ ನಡುವೆ ನೇರ ಗೆರೆ ಎಳೆದರೆ ಅದು ರಾಯಚೂರು ನಗರದಿಂದ ಪೂರ್ವಕ್ಕೆ ಬರೀ 25 ಕಿ.ಮೀ. ಆಚೆ ಹಾದುಹೋಗುತ್ತದೆ. ಅಂದರೆ ನಮ್ಮ ಪ್ರಯಾಣಿಕ ಏಳು ತಾಸು ದಕ್ಷಿಣಕ್ಕೆ ಹೋಗಿ, ಹತ್ತಿರತ್ತಿರ ತನ್ನ ಜಿಲ್ಲೆಯ ಅಂಚಿನ ಮೇಲೆಯೇ ಉತ್ತರಕ್ಕೆ ಹಾರಿಕೊಂಡು ಬರುತ್ತಾನೆ. ದೂರದ ಅಂಕಿಗಳಿಂದ ಸಿಗುವ ನಿಜವಾದ ಉಪಯೋಗ ಇದು: ನಾವು ಹೊರಟ ದಿಕ್ಕು ಮುಟ್ಟಬೇಕಾದ ದಿಕ್ಕಿಗೆ ಬೆನ್ನು ಮಾಡಿದೆಯೋ ಎಂದು ಅದು ತೋರಿಸುತ್ತದೆ. ದೆಹಲಿ, ಲಖನೌ, ಕೋಲ್ಕತ್ತಾ, ಕೊಲ್ಲಿ ದೇಶಗಳು, ಯುರೋಪ್ ಇವೆಲ್ಲವೂ ನಮಗೆ ಉತ್ತರ, ಈಶಾನ್ಯ, ವಾಯವ್ಯದಲ್ಲಿ ಇವೆ. ಇವುಗಳಿಗೆ ಮೊದಲು ಹುಡುಕಬೇಕಾದದ್ದು ಹೈದರಾಬಾದಿನ ವಿಮಾನ.

ಇದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು: ಬೆಂಗಳೂರು ನಮ್ಮ ರಾಜಧಾನಿ, ಅಲ್ಲಿ ಬಂಧುಗಳಿದ್ದಾರೆ, ಕನ್ನಡ ನಡೆಯುತ್ತದೆ, ರಾತ್ರಿ ಸ್ಲೀಪರ್ ಬಸ್ ಹತ್ತಿ ಮಲಗಿದರೆ ಬೆಳಿಗ್ಗೆ ಅಲ್ಲಿ ಇರುತ್ತೇವೆ. 2024ರ ಮಾರ್ಚ್‌ನಿಂದ ಸಿಂಧನೂರಿಗೆ ರೈಲೂ ಬಂದಿದೆ. ಕಾರಟಗಿವರೆಗೆ ಬರುತ್ತಿದ್ದ ಯಶವಂತಪುರದ ರೈಲು ಸಿಂಧನೂರಿನವರೆಗೆ ವಿಸ್ತರಣೆಯಾಯಿತು. ನಿದ್ದೆಯಲ್ಲಿ ಕಳೆದ ತಾಸುಗಳನ್ನು ಪ್ರಯಾಣದ ತಾಸು ಎಂದು ಎಣಿಸುವುದು ನ್ಯಾಯವೇ ಎಂದು ಕೇಳಬಹುದು. ಒಪ್ಪುತ್ತೇನೆ, ಮಧ್ಯಾಹ್ನದ ಮೇಲೆ ಹೊರಡುವ ವಿಮಾನವಿದ್ದು, ಬೆಂಗಳೂರಿನಲ್ಲಿ ಬೇರೆ ಕೆಲಸವೂ ಇದ್ದರೆ ಈ ವಾದ ಗೆಲ್ಲುತ್ತದೆ. ಆದರೆ ಬಸ್ಸು ಇಳಿಸುವುದು ಮೆಜೆಸ್ಟಿಕ್ಕಿನಲ್ಲಿ, ರೈಲು ಇಳಿಸುವುದು ಯಶವಂತಪುರದಲ್ಲಿ. ಅಲ್ಲಿಂದ ದೇವನಹಳ್ಳಿಗೆ ಮತ್ತೆ ಮೂವತ್ತು ಮೂವತ್ತೈದು ಕಿ.ಮೀ. ಉತ್ತರಕ್ಕೆ ವಾಯು ವಜ್ರ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಹೋಗಬೇಕು, ಬೆಳಗಿನ ದಟ್ಟಣೆಯಲ್ಲಿ ಒಂದೂವರೆ ತಾಸು ಬೇಕಾಗಬಹುದು. ವಿಮಾನ ಬೆಳಗಿನ ಆರೇಳು ಗಂಟೆಯದಾದರೆ ರಾತ್ರಿ ಬಸ್ಸು ನಂಬುವುದು ಸಾಧ್ಯವಿಲ್ಲ, ಒಂದು ದಿನ ಮೊದಲೇ ಹೋಗಿ ತಂಗಬೇಕು. ಆ ರಾತ್ರಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಹೈದರಾಬಾದಿನ ವಿಷಯದಲ್ಲಿ ನಮ್ಮ ಅದೃಷ್ಟ ಬೇರೆ ಇದೆ. 2008ರ ಮಾರ್ಚ್‌ನಲ್ಲಿ ಬೇಗಂಪೇಟೆಯಿಂದ ನಿಲ್ದಾಣ ಶಂಶಾಬಾದಿಗೆ ಹೋಯಿತು. ಶಂಶಾಬಾದ್ ಇರುವುದು ನಗರದ ದಕ್ಷಿಣಕ್ಕೆ, 44ನೇ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿ, ಅಂದರೆ ನಾವು ಬರುವ ಕಡೆಗೆ. ಮಹಬೂಬ್‌ನಗರದ ಕಡೆಯಿಂದ ಬರುವವರು ಹೈದರಾಬಾದ್ ನಗರದೊಳಗೆ ಕಾಲಿಡದೆಯೇ ನಿಲ್ದಾಣ ಮುಟ್ಟುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಕೃಷ್ಣಾ–ದೇವರಕದ್ರ ರೈಲುಮಾರ್ಗ ಪೂರ್ಣಗೊಂಡು ರಾಯಚೂರು–ಕಾಚಿಗುಡ ನಡುವೆ ರೈಲು ಓಡತೊಡಗಿತು. ಆ ದಾರಿಯಲ್ಲಿ ಬರುವ ಉಮ್ದಾನಗರ ಶಂಶಾಬಾದಿಗೆ ತೀರ ಸಮೀಪದ ನಿಲ್ದಾಣ. ಒಂದೇ ಲಗೇಜಿನ ಒಬ್ಬಂಟಿ ಪ್ರಯಾಣಿಕರಿಗೆ ಈ ದಾರಿಯೂ ಉಂಟು.

ನ್ಯಾಯವಾಗಿ ಹೇಳಬೇಕೆಂದರೆ, ಸ್ವಂತ ಕಾರಿನಲ್ಲಿ ಹೋಗುವವರಿಗೆ ದೇವನಹಳ್ಳಿಯೂ ಅಷ್ಟೇ ಅನುಕೂಲದಲ್ಲಿದೆ: ಅದೂ ಅದೇ 44ನೇ ಹೆದ್ದಾರಿಯ ಮೇಲೆ, ನಗರದ ಉತ್ತರಕ್ಕೆ, ನಾವು ಬರುವ ಕಡೆಗೇ ಇದೆ. ಹಾಗೆಯೇ ರಾಯಚೂರಿನಲ್ಲಿ ವಂದೇ ಭಾರತ್ ಹಿಡಿದರೆ ಯಲಹಂಕದಲ್ಲಿ ಇಳಿಯಬಹುದು. 2024ರ ಮಾರ್ಚ್‌ನಲ್ಲಿ ಆರಂಭವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಎರಡೂ ಕಡೆ ನಿಲ್ಲುತ್ತದೆ. ಯಲಹಂಕದಿಂದ ನಿಲ್ದಾಣಕ್ಕೆ ಇಪ್ಪತ್ತು ಕಿ.ಮೀ. ಒಳಗೆ. ಸಿಂಗಪುರ, ಮಲೇಷ್ಯಾ, ಆಸ್ಟ್ರೇಲಿಯಾ ಕಡೆ ಹೋಗುವವರು, ಚೆನ್ನೈ, ಕೊಚ್ಚಿ ಕಡೆಯವರು ಈ ದಾರಿಯನ್ನು ಮೊದಲು ನೋಡಲಿ. ಸಿಂಗಪುರಕ್ಕೆ ಬೆಂಗಳೂರು ಹೈದರಾಬಾದಿಗಿಂತ ಸುಮಾರು 130 ಕಿ.ಮೀ. ಹತ್ತಿರ. ಆದರೆ ವಿಮಾನಕ್ಕೆ ಅದು ಹತ್ತು ನಿಮಿಷದ ಮಾತು. ರಸ್ತೆಯ ನೂರು ಕಿ.ಮೀ. ಎಂದರೆ ಎರಡು ತಾಸಿನ ಮಾತು. ಕೊಲ್ಲಿಯ ಕಡೆಗೂ ಇದೇ ನಿಯಮ: ದುಬೈ ಹೈದರಾಬಾದಿನಿಂದ ಬೆಂಗಳೂರಿಗಿಂತ 150 ಕಿ.ಮೀ. ಹತ್ತಿರವಿದ್ದರೂ ಆಕಾಶದಲ್ಲಿ ಉಳಿಯುವುದು ಹನ್ನೊಂದು ನಿಮಿಷ ಮಾತ್ರ. ಸಮಯ ಉಳಿಯುವುದಿದ್ದರೆ ರಾಯಚೂರು ರಸ್ತೆಯ ಮೇಲೆ.

ಎರಡನೆಯ ಆಕ್ಷೇಪ: ಹತ್ತಿರದ ನಿಲ್ದಾಣ ಇರುವಾಗ ಅಷ್ಟು ದೂರ ಯಾಕೆ? ವಿದ್ಯಾನಗರಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ಹೈದರಾಬಾದಿನಿಂದ ವಿಮಾನ ಬಂತು. ಕಲಬುರಗಿ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಈ ನಿಲ್ದಾಣಗಳಿಗಾಗಿ ಈ ಭಾಗದ ಜನ ವರ್ಷಗಟ್ಟಲೆ ಕಾದಿದ್ದಾರೆ, ಅವು ಚೆನ್ನಾಗಿ ನಡೆಯಬೇಕು ಎಂಬುದು ನನ್ನ ಆಸೆಯೂ ಹೌದು. ಆದರೂ ಪ್ರಯಾಣಿಕ ಎರಡು ಸಂಗತಿ ತಿಳಿದಿರಬೇಕು. ಒಂದು, ಉಡಾನ್ ಯೋಜನೆಯಲ್ಲಿ ವಿಮಾನ ಕಂಪನಿಗೆ ನಷ್ಟ ತುಂಬಿಕೊಡುವ ಹಣ ಸಿಗುವುದು ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಆಮೇಲೆ ಸೀಟು ತುಂಬದಿದ್ದರೆ ಹಾರಾಟ ಕಡಿಮೆಯಾಗುತ್ತದೆ, ನಿಂತೂ ಹೋಗುತ್ತದೆ. ವಿದ್ಯಾನಗರಕ್ಕೆ ಮೊದಲು ಬಂದ ಟ್ರೂಜೆಟ್ ಕಂಪನಿಯೇ 2022ರಲ್ಲಿ ಹಾರಾಟ ನಿಲ್ಲಿಸಿತು. ಹೋದ ವರ್ಷ ಇದ್ದ ವಿಮಾನ ಈ ವರ್ಷ ಇದೆ ಎಂದು ನಂಬಿ ಮದುವೆಯ ತಾರೀಕಿಗೋ ವೀಸಾ ಸಂದರ್ಶನಕ್ಕೋ ಯೋಜನೆ ಹಾಕಬಾರದು. ಟಿಕೆಟ್ ಕೈಗೆ ಬಂದ ಮೇಲಷ್ಟೇ ಮುಂದಿನದು. ಎರಡು, ಚಿಕ್ಕ ದೂರಕ್ಕೆ ವಿಮಾನ ಉಳಿಸುವ ಸಮಯ ನಾವು ಎಣಿಸಿದಷ್ಟು ಇರುವುದಿಲ್ಲ. ಸಿಂಧನೂರಿನಿಂದ ವಿದ್ಯಾನಗರಕ್ಕೆ ಎರಡೂಮುಕ್ಕಾಲು ತಾಸು, ಅಲ್ಲಿ ಒಂದೂಕಾಲು, 250 ಕಿ.ಮೀ. ಹಾರಾಟಕ್ಕೆ ಒಂದು ತಾಸಿನ ಮೇಲೆ, ದೇವನಹಳ್ಳಿಯಲ್ಲಿ ಇಳಿದು ಬೆಂಗಳೂರಿನೊಳಗೆ ಹೋಗಲು ಎರಡು: ಏಳು ತಾಸು ಆಯಿತು. ಮನೆಯಿಂದ ಕಾರಿನಲ್ಲೇ ಹೊರಟಿದ್ದರೆ ಏಳೂವರೆ ಎಂಟು ತಾಸಿಗೆ ಅಲ್ಲಿಯೇ ಇರುತ್ತಿದ್ದಿರಿ. ಬೆಂಗಳೂರಿಗಾಗಿಯೇ ವಿದ್ಯಾನಗರದ ವಿಮಾನ ಹಿಡಿಯುವುದು ಹೊಸಪೇಟೆ, ಬಳ್ಳಾರಿಯವರಿಗೆ ಲಾಭ, ಸಿಂಧನೂರಿನವರಿಗೆ ಹೆಚ್ಚೇನೂ ಅಲ್ಲ. ದೊಡ್ಡ ಲಾಭ ಇರುವುದು ಬೇರೊಂದು ಸಂದರ್ಭದಲ್ಲಿ: ವಿದ್ಯಾನಗರದಿಂದ ಹೈದರಾಬಾದ್ ಅಥವಾ ಬೆಂಗಳೂರು, ಅಲ್ಲಿಂದ ಮುಂದಿನ ಊರು ಎರಡೂ ಒಂದೇ ಟಿಕೆಟ್ಟಿನಲ್ಲಿ ಸಿಕ್ಕರೆ. ಆಗ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಹೊಣೆ ನಿಮ್ಮದೇ, ಹೊಸ ಟಿಕೆಟ್ಟಿನ ಖರ್ಚೂ ನಿಮ್ಮದೇ. ಹಾಗೆ ಬೇರೆ ಟಿಕೆಟ್ ಕೊಳ್ಳಲೇಬೇಕಾದರೆ ನಡುವೆ ನಾಲ್ಕೈದು ತಾಸಿನ ಬಿಡುವು ಇಟ್ಟುಕೊಳ್ಳಬೇಕು.

ಹುಬ್ಬಳ್ಳಿಯದು ಇನ್ನೂ ಸೂಕ್ಷ್ಮವಾದ ವಿಷಯ, ನನ್ನ ವಾದಕ್ಕೆ ನಿಜವಾದ ಸವಾಲು. 2022ರ ನವೆಂಬರ್‌ನಲ್ಲಿ ಇಂಡಿಗೋ ಹುಬ್ಬಳ್ಳಿ–ದೆಹಲಿ ನೇರ ವಿಮಾನ ಆರಂಭಿಸಿತು. ಸಿಂಧನೂರಿನಿಂದ ಹುಬ್ಬಳ್ಳಿ ರಸ್ತೆಯಲ್ಲಿ ನಾಲ್ಕೂವರೆ ತಾಸು, ಚಿಕ್ಕ ನಿಲ್ದಾಣವಾದ್ದರಿಂದ ಅಲ್ಲಿ ಒಂದೂವರೆ, 1,480 ಕಿ.ಮೀ. ಹಾರಾಟಕ್ಕೆ ಎರಡೂವರೆ, ದೆಹಲಿಯಲ್ಲಿ ಮುಕ್ಕಾಲು. ಒಟ್ಟು ಒಂಬತ್ತೂಕಾಲು ತಾಸು, ಹೈದರಾಬಾದಿಗಿಂತ ಒಂದೂಕಾಲು ತಾಸು ಕಡಿಮೆ. ಸಿಂಧನೂರಿನಿಂದ ಹುಬ್ಬಳ್ಳಿಗೆ ನೇರ ರೈಲೂ ಇದೆ. ಹಾಗಾದರೆ ಹುಬ್ಬಳ್ಳಿಯೇ ಯಾಕಲ್ಲ? ಉತ್ತರ ವಿಮಾನಗಳ ಸಂಖ್ಯೆಯಲ್ಲಿದೆ. ಹೈದರಾಬಾದಿನಿಂದ ದೆಹಲಿಗೆ ಬೆಳಗಿನಿಂದ ರಾತ್ರಿವರೆಗೆ ಒಂದರ ಹಿಂದೆ ಒಂದು ವಿಮಾನ. ಹುಬ್ಬಳ್ಳಿಯಂಥ ಕಡೆ ಒಂದು ಊರಿಗೆ ದಿನಕ್ಕೆ ಒಂದು. ನಿಮಗೆ ದೆಹಲಿಯಲ್ಲಿ ಬೆಳಿಗ್ಗೆ 10ಕ್ಕೆ ಕೆಲಸವಿದ್ದು, ಹುಬ್ಬಳ್ಳಿ ವಿಮಾನ ಮಧ್ಯಾಹ್ನ ಹೊರಡುವುದಾದರೆ, ಒಂಬತ್ತು ತಾಸಿನ ಪ್ರಯಾಣ ಒಂದು ದಿನದ ಕಾಯುವಿಕೆಯಾಗುತ್ತದೆ. ಆ ಒಂದು ವಿಮಾನ ರದ್ದಾದರೆ ಮುಂದಿನದು ನಾಳೆ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜಿನಿಂದ ಇಂಥದ್ದು ಆಗುತ್ತಲೇ ಇರುತ್ತದೆ. ಆದ್ದರಿಂದ ನನ್ನ ತೀರ್ಮಾನ ಹೀಗೆ: ಹುಬ್ಬಳ್ಳಿಯ ಸಮಯ ನಿಮ್ಮ ಕೆಲಸಕ್ಕೆ ಹೊಂದಿದರೆ, ಒಂದು ದಿನ ಆಚೀಚೆಯಾದರೂ ನಡೆಯುವಂತಿದ್ದರೆ ಹುಬ್ಬಳ್ಳಿ. ತಾರೀಕು ತಪ್ಪಿಸುವಂತಿಲ್ಲದ ಕೆಲಸಕ್ಕೆ, ವಿದೇಶದ ಪ್ರಯಾಣಕ್ಕೆ ಹೈದರಾಬಾದ್. ಮುಂಬೈಗೆ ಮಾತ್ರ ಈ ಯಾವ ಜಂಜಾಟವೂ ಬೇಡ. ರಾಯಚೂರಿನಲ್ಲಿ ರಾತ್ರಿಯ ರೈಲು ಹತ್ತುವುದೇ ಒಳ್ಳೆಯದು.

ಲಿಂಗಸುಗೂರಿನವರಿಗೆ ಅಂಕಿಗಳು ಸ್ವಲ್ಪ ಬೇರೆ. ಅವರಿಗೆ ಕಲಬುರಗಿ ನೇರ ಗೆರೆಯಲ್ಲಿ 135 ಕಿ.ಮೀ., ಅದೂ ಒಂದೇ ಹೆದ್ದಾರಿಯಲ್ಲಿ ಜೇವರ್ಗಿವರೆಗೆ ಹೋಗುವ ದಾರಿ. ಕಲಬುರಗಿಯ ರನ್‌ವೇ ಮೂರು ಕಿ.ಮೀ.ಗೂ ಉದ್ದವಿದೆ, ದೊಡ್ಡ ಜೆಟ್ ಇಳಿಯುವಷ್ಟು. ಕೊರತೆ ಇರುವುದು ವಿಮಾನಗಳದು. ಅಲ್ಲಿಂದ ವಿಮಾನ ಇದ್ದ ದಿನ ಲಿಂಗಸುಗೂರು, ಹಟ್ಟಿ, ಮುದಗಲ್ಲಿನವರು ಅದನ್ನು ಮೊದಲು ನೋಡಬಹುದು. ಇಲ್ಲದ ದಿನ ಅವರಿಗೂ ಶಂಶಾಬಾದೇ ಗತಿ, ರಾಯಚೂರಿನ ಮೂಲಕ ಸುಮಾರು 275 ಕಿ.ಮೀ. ಮಸ್ಕಿಯವರು ಸಿಂಧನೂರಿಗೆ ಇಳಿದು ಮಾನ್ವಿ ಮೇಲೆ ಹೋಗುವ ಬದಲು ಕವಿತಾಳ, ಸಿರವಾರದ ಕಡೆಯಿಂದ ರಾಯಚೂರು ಸೇರಿದರೆ ಸುತ್ತು ಕಡಿಮೆ. ಗದಗ–ವಾಡಿ ರೈಲುಮಾರ್ಗ 2025ರ ಮೇ ತಿಂಗಳಲ್ಲಿ ಕುಷ್ಟಗಿವರೆಗೆ ತೆರೆದಿದೆ. ಅದು ಲಿಂಗಸುಗೂರು ಮುಟ್ಟಿದ ದಿನ, ರಾಯಚೂರು ಬಳಿಯ ಯರಮರಸ್‌ನಲ್ಲಿ ಯೋಜಿಸಿರುವ ನಿಲ್ದಾಣದಿಂದ ವಿಮಾನ ಹಾರಿದ ದಿನ, ಇಲ್ಲಿಯ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕಾಗುತ್ತದೆ.

ದುಡ್ಡಿನ ಆಕ್ಷೇಪ ಉಳಿಯಿತು. ಬೆಂಗಳೂರಿನಿಂದ ಟಿಕೆಟ್ ಅಗ್ಗವಾಗಿರುವ ದಿನಗಳು ಖಂಡಿತ ಇರುತ್ತವೆ. ಅಂಥ ದಿನ ಎರಡು ಟಿಕೆಟ್ಟುಗಳ ದರವನ್ನಷ್ಟೇ ಹೋಲಿಸದೆ ಕಾರಿನ ಬಾಡಿಗೆ, ಬಿಟ್ಟು ಬರುವ ಕಾರು ಖಾಲಿ ವಾಪಸು ಬರುವ ಬಾಡಿಗೆ, ಟೋಲ್, ತಂಗುವ ಖರ್ಚು ಇವನ್ನೂ ಕೂಡಿಸಿ ನೋಡಬೇಕು. ನಾಲ್ಕು ಮಂದಿಯ ಕುಟುಂಬಕ್ಕೆ ಟಿಕೆಟ್ಟಿನ ಉಳಿತಾಯ ನಾಲ್ಕು ಪಟ್ಟು, ಕಾರಿನ ಬಾಡಿಗೆ ಒಂದೇ. ಅವರಿಗೆ ಅಗ್ಗದ ಟಿಕೆಟ್ ಹುಡುಕಿಕೊಂಡು ದೂರ ಹೋಗುವುದು ಸರಿ ಹೋಗಬಹುದು. ಒಬ್ಬರೇ ಹೋಗುವಾಗ ಬಾಡಿಗೆಯೇ ಆ ಉಳಿತಾಯವನ್ನು ನುಂಗುತ್ತದೆ. ಅವರು ಕೆಕೆಆರ್‌ಟಿಸಿ ಬಸ್ಸಿನಲ್ಲಿ ರಾಯಚೂರು, ಅಲ್ಲಿಂದ ಹೈದರಾಬಾದ್ ಬಸ್ಸಿನಲ್ಲಿ ಶಂಶಾಬಾದಿನಲ್ಲೇ ಇಳಿದುಕೊಳ್ಳುವುದು ಒಳ್ಳೆಯದು.

ಕೊನೆಗೆ ರಸ್ತೆಯ ಸಮಯವನ್ನು ಎಷ್ಟು ಸಡಿಲ ಇಟ್ಟುಕೊಳ್ಳಬೇಕು ಎಂಬುದು. ಮೊಬೈಲ್ ನಕ್ಷೆ ತೋರಿಸುವ ಸಮಯಕ್ಕೆ ಕಾಲು ಭಾಗ ಸೇರಿಸುವುದು ಕನಿಷ್ಠ. ಭತ್ತದ ಕಟಾವಿನ ಕಾಲದಲ್ಲಿ ಸಿಂಧನೂರು–ಮಾನ್ವಿ ರಸ್ತೆಯ ಮೇಲೆ ಟ್ರ್ಯಾಕ್ಟರ್ ಟ್ರೇಲರ್, ಲಾರಿ, ಕಟಾವು ಯಂತ್ರಗಳು ನಿಧಾನ ಸಾಗುತ್ತಿರುತ್ತವೆ. ಆಗ ಇನ್ನೂ ಅರ್ಧ ತಾಸು. ರಾಯಚೂರು ದಾಟಿ ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ ಬರುತ್ತದೆ. ಅಲ್ಲಿಯ ಹಳೆಯ ಸೇತುವೆ ನಿಜಾಮರ ಕಾಲದ್ದು, ದುರಸ್ತಿಗೆ ಮುಚ್ಚಿದ್ದೂ ಉಂಟು. ಹೊರಡುವ ಹಿಂದಿನ ದಿನ ರಾಯಚೂರಿನಲ್ಲಿ ಯಾರಿಗಾದರೂ ಫೋನು ಮಾಡಿ ಸೇತುವೆ ತೆರೆದಿದೆಯೇ ಎಂದು ಕೇಳುವುದು ಮರೆಯಬಾರದು. ದೇಶದೊಳಗಿನ ವಿಮಾನಕ್ಕೆ ಲಗೇಜ್ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚುತ್ತದೆ; ಎರಡು ತಾಸು ಮೊದಲು ಅಲ್ಲಿರಬೇಕು. ವಿದೇಶಕ್ಕೆ ಮೂರು ತಾಸು, ಮೊದಲ ಬಾರಿಗೆ ಹೋಗುವವರಿಗೆ ನಾಲ್ಕಾದರೂ ತಪ್ಪಿಲ್ಲ.

ಬರುವಾಗಿನ ಲೆಕ್ಕವನ್ನು ಬಹಳ ಮಂದಿ ಹಾಕುವುದೇ ಇಲ್ಲ. ವಿದೇಶದಿಂದ ದೆಹಲಿ ಅಥವಾ ಮುಂಬೈ ಮೂಲಕ ಬಂದರೆ, ಭಾರತದಲ್ಲಿ ಮೊದಲು ಇಳಿದ ಊರಿನಲ್ಲೇ ಪಾಸ್‌ಪೋರ್ಟ್ ತಪಾಸಣೆ, ಸಾಮಾನ್ಯವಾಗಿ ಲಗೇಜ್ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೌಂಟರಿನಲ್ಲಿ ಕೊಡುವುದು, ಇಷ್ಟೆಲ್ಲ ಆಗಬೇಕು. ಮುಂದಿನ ವಿಮಾನಕ್ಕೆ ಮೂರು ತಾಸಿನ ಬಿಡುವು ಇಲ್ಲದ ಟಿಕೆಟ್ ಕೊಳ್ಳಬಾರದು. ಕೊಲ್ಲಿಯಿಂದ ಬರುವ ಬಹಳಷ್ಟು ವಿಮಾನಗಳು ಶಂಶಾಬಾದಿನಲ್ಲಿ ಇಳಿಯುವುದು ನಡುರಾತ್ರಿ, ನಸುಕಿನಲ್ಲಿ. ಕರೆದುಕೊಂಡು ಬರಲು ಊರಿನಿಂದ ಹೊರಟ ಡ್ರೈವರ್ ಆ ಹೊತ್ತಿಗಾಗಲೇ ಐದಾರು ತಾಸು ಓಡಿಸಿ, ನಾಲ್ಕು ತಾಸು ನಿದ್ದೆಗೆಟ್ಟು ಕಾದಿರುತ್ತಾನೆ. ವರ್ಷಗಳ ಮೇಲೆ ಮನೆಗೆ ಬರುವವರಿಗೆ ಕೂಡಲೇ ಹೊರಡುವ ಆತುರ ಇರುತ್ತದೆ, ಅದು ಸಹಜ. ಆದರೂ 270 ಕಿ.ಮೀ. ದಾರಿಯನ್ನು ಅದೇ ಡ್ರೈವರ್ ಬೆಳಗಿನ ಮೂರು ಗಂಟೆಗೆ ಮತ್ತೆ ಓಡಿಸಬಾರದು. ಇಬ್ಬರು ಡ್ರೈವರ್ ಕರೆದೊಯ್ಯಿರಿ; ಇಲ್ಲವೇ ಬೆಳಕು ಹರಿಯುವವರೆಗೆ ನಿಲ್ದಾಣದಲ್ಲೇ ಕುಳಿತು, ಚಹಾ ಕುಡಿದು, ಆರು ಗಂಟೆಗೆ ಹೊರಡಿ. ಮಧ್ಯಾಹ್ನದ ಊಟದ ಹೊತ್ತಿಗೆ ಸಿಂಧನೂರಿನಲ್ಲಿ ಇರುತ್ತೀರಿ.